ಹಸಿವು ಮತ್ತು ಹಾರ್ಮೋನು



ಹಳ್ಳಿಯ ಮನೆಗಳಲ್ಲಿ ಬೆಳೆದ ನಾವು ಒಂದು ದೃಶ್ಯವನ್ನು ಮರೆತಿರಲಾರೆವು. ಬೆದೆಗೆ ಬಂದ ಹಸು ಗೋದಲಿಯ ಹಸಿಹುಲ್ಲನ್ನೂ ಮೂಸದೆ ಕೂಗುತ್ತಿತ್ತು. ಹಿರಿಯರು ಅಷ್ಟರಿಂದಲೇ ವಿಷಯವನ್ನು ಗ್ರಹಿಸುತ್ತಿದ್ದರು. ಅವರು ಕಂಡಿದ್ದನ್ನೇ ವಿಜ್ಞಾನಿಗಳು ಪ್ರಯೋಗಾಲಯದ ಇಲಿಗಳಲ್ಲಿ ಅಳೆದು ನೋಡಿದ್ದಾರೆ.

ಹೆಣ್ಣಿಲಿಯ ಋತುಚಕ್ರವು 4-5 ದಿನಗಳದು. ಈಸ್ಟ್ರೋಜೆನ್ ಏರಿದ ಬೆನ್ನಲ್ಲೇ, ಬೆದೆಯ ರಾತ್ರಿಯಲ್ಲಿ, ಅದು ಉಳಿದ ರಾತ್ರಿಗಳಿಗಿಂತ ಕಡಿಮೆ ತಿನ್ನುತ್ತದೆ. ಎಷ್ಟು ಸಲ ತಿನ್ನುತ್ತದೆ ಎಂಬುದಕ್ಕಿಂತ, ಒಂದೊಂದು ಸಲ ತಿನ್ನುವ ಪ್ರಮಾಣವು ಕುಗ್ಗುವುದೇ ಇದಕ್ಕೆ ಮುಖ್ಯ ಕಾರಣ. ಅಂಡಾಶಯವನ್ನು ತೆಗೆದರೆ ಅದೇ ಇಲಿ ಹೆಚ್ಚು ತಿಂದು, ಕೆಲವೇ ವಾರಗಳಲ್ಲಿ ದಪ್ಪಗಾಗುತ್ತದೆ. ಈಸ್ಟ್ರೋಜೆನ್ ಕೊಟ್ಟರೆ ಆಹಾರವು ಮತ್ತೆ ಇಳಿಯುತ್ತದೆ. ಗಂಡಿನ ಕಥೆ ಬೇರೆ: ವೃಷಣಗಳನ್ನು ತೆಗೆದ ಗಂಡಿಲಿ ಸಾಮಾನ್ಯವಾಗಿ ಕಡಿಮೆಯೇ ತಿನ್ನುತ್ತದೆ.

ಇದು ಹೇಗೆ? ಆಹಾರವು ಸಣ್ಣ ಕರುಳನ್ನು ತಲುಪಿದಾಗ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಮಿದುಳಿಗೆ 'ಸಾಕು' ಎಂಬ ಸಂದೇಶವನ್ನು ಕಳುಹಿಸುತ್ತದೆ. ಈಸ್ಟ್ರೋಜೆನ್ ಆ ಸಂದೇಶದ ಬಲವನ್ನು ಹೆಚ್ಚಿಸುತ್ತದೆ. ಇನ್ನೊಂದು ಸಂಗತಿಯೂ ಉಂಟು. ಈಸ್ಟ್ರೋಜೆನ್ನಿನ ಆಲ್ಫಾ ಗ್ರಾಹಕವಿಲ್ಲದ ಪುಟ್ಟ ಇಲಿಗಳ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಗಂಡುಗಳು ಹೆಚ್ಚು ತಿನ್ನದೆಯೇ ಕೊಬ್ಬಿದ್ದವು. ದೇಹವು ಶಕ್ತಿಯನ್ನು ವ್ಯಯಿಸುವುದೇ ಕಡಿಮೆಯಾಗಿತ್ತು.

ಮನುಷ್ಯರು ಇಲಿಗಳಲ್ಲ, ನಿಜ. ಆದರೂ ಸ್ತ್ರೀಯರ ಆಹಾರವು ಅಂಡೋತ್ಪತ್ತಿಯ ಆಸುಪಾಸಿನಲ್ಲಿ ತುಸು ತಗ್ಗಿ, ಮುಟ್ಟಿಗೆ ಮುಂಚಿನ ದಿನಗಳಲ್ಲಿ ತುಸು ಹೆಚ್ಚುತ್ತದೆ. ಋತುಬಂಧದ ನಂತರ ಕೊಬ್ಬು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ವಯಸ್ಸು, ನಿದ್ರೆಗೇಡು, ಕಡಿಮೆಯಾದ ಓಡಾಟಗಳೂ ಇದಕ್ಕೆ ಜೊತೆಗೂಡುತ್ತವೆ.

ಐವತ್ತು ದಾಟಿದ ನಮ್ಮ ಸೋದರಿಯರು ತಪಾಸಣೆಗೆ ಬಂದಾಗ, ಪಕ್ಕದಲ್ಲಿ ಕುಳಿತ ಪತಿಯೇ "ಡಾಕ್ಟ್ರೇ, ಇವಳಿಗೆ ಬಾಯಿ ಕಟ್ಟೋಕೆ ಆಗೋಲ್ಲ" ಎನ್ನುವುದುಂಟು. ಆಕೆ ತಲೆ ತಗ್ಗಿಸುತ್ತಾರೆ. ವೈದ್ಯರಾದ ನಾವೂ ಹಿಂದೆ ಆ ಮಾತಿಗೆ ತಲೆಯಾಡಿಸಿದ್ದೇವೆ. ಅದು ನಮ್ಮ ತಪ್ಪು.

ಹಾಗೆಂದು ತೂಕ ಇಳಿಸಲು ಹಾರ್ಮೋನು ಗುಳಿಗೆ ನುಂಗಬೇಕಾಗಿಲ್ಲ. ಅದು ಆ ಉದ್ದೇಶದ ಔಷಧಿಯಲ್ಲ. ಅನ್ನವನ್ನು ತುಸು ತಗ್ಗಿಸಿ ಬೇಳೆಕಾಳು, ಮೊಸರುಗಳನ್ನು ಹೆಚ್ಚಿಸೋಣ. ದಿನವೂ ನಡೆಯೋಣ, ಸ್ನಾಯುಗಳಿಗೆ ಕೆಲಸ ಕೊಡೋಣ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ರಕ್ತಪರೀಕ್ಷೆಯನ್ನು ಮುಂದೂಡದಿರೋಣ. ಎಲ್ಲಕ್ಕೂ ಮೊದಲು, ಊಟದ ಮೇಜಿನಲ್ಲಿ ಹಂಗಿಸುವುದನ್ನು ಬಿಡೋಣ. ಹಸು ಮೇವು ಬಿಟ್ಟಾಗ ನಮ್ಮ ಹಿರಿಯರು ಅದನ್ನು ಬೈಯಲಿಲ್ಲ, ಕಾರಣವನ್ನು ಅರಿತರು. ಮನೆಯವರ ವಿಷಯದಲ್ಲೂ ನಮಗೆ ಅಷ್ಟು ವಿವೇಕವಿರಲಿ.