ಪ್ರತಿಧ್ವನಿ ಯಂತ್ರ: ದುರಸ್ತಿಯೋ, ಮಾರಾಟವೋ?

(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ಜರಗಿದ ಗಾಯನ ಮಂಡಳಿಯ ಕೂಟದಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ಕಟ್ಟಡಗಳ ಕುರಿತೂ ಅವನ್ನು ಕಟ್ಟಿಸಿದ ಹಿರಿಯರ ಕುರಿತೂ ಬಹಳಷ್ಟು ಮಾತುಗಳು ಬಂದಿವೆ. ನಾವು ಇಂದು ಒಂದು ಚಿಕ್ಕ ಪೆಟ್ಟಿಗೆಯ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ. ಚಿಕ್ಕದಾದರೂ ಕಳೆದ ಮಳೆಗಾಲದಲ್ಲಿ ಅದು ಪಾಲನಾ ಮಂಡಳಿಯ ಮೂರು ಸಭೆಗಳ ಹೊತ್ತನ್ನು ನುಂಗಿತೆಂಬುದು ನಿಮಗೆ ತಿಳಿದೇ ಇದೆ.

ಆ ಪೆಟ್ಟಿಗೆ ಜಪಾನಿನ ರೋಲ್ಯಾಂಡ್ ಕಂಪೆನಿಯ ಆರ್‌ಇ-201 ಎಂಬ ಪ್ರತಿಧ್ವನಿ ಯಂತ್ರ. ‘ಸ್ಪೇಸ್ ಎಕೋ’ ಎಂದು ಅದರ ಹೆಸರು. ಈ ಮಾದರಿ ಮೊದಲು ಮಾರುಕಟ್ಟೆಗೆ ಬಂದುದು 1974ರಲ್ಲಿ. ಕುವೈತಿನಲ್ಲಿ ದುಡಿಯುತ್ತಿದ್ದ ನಮ್ಮ ಊರ ಮಗನೊಬ್ಬರು ಆ ದಶಕದ ಕೊನೆಯಲ್ಲಿ ರಜೆಗೆ ಬಂದಾಗ ಇದನ್ನು ಗಾಯನ ಮಂಡಳಿಗೆಂದು ತಂದುಕೊಟ್ಟರು. ‘ಕೊಂಕಣ್ ಕೋಗುಳ್’ ಎನಿಸಿದ ವಿಲ್ಫಿ ರೆಬಿಂಬಸರ ಹಾಡುಗಳು ಮನೆಮನೆಯಲ್ಲಿ ಮೊಳಗುತ್ತಿದ್ದ ಕಾಲವದು. ತೆರಾಲಿಯ ರಾತ್ರಿ ಇಗರ್ಜಿಯ ಅಂಗಳದಲ್ಲಿ ನಮ್ಮ ಮಕ್ಕಳದೂ ಒಂದು ಸಂಗೀತ ಸಂಜೆ ನಡೆಯಬೇಕೆಂಬುದು ಆ ದಾನಿಗಳ ಹಂಬಲವಾಗಿತ್ತು. ಹಲವು ವರ್ಷ ಅದು ನಡೆಯಿತು ಕೂಡ. ಬಳಿಕ ಯಂತ್ರ ಮೌನವಾಗಿ ಗಾಯಕರ ಅಟ್ಟದ ಕಪಾಟನ್ನು ಸೇರಿತು.

ಶತಮಾನೋತ್ಸವಕ್ಕಾಗಿ ಕಪಾಟು ತೆರೆದಾಗ ಅದು ಮತ್ತೆ ಬೆಳಕಿಗೆ ಬಂತು. ಹಳೆಯ ವಾದ್ಯೋಪಕರಣಗಳನ್ನು ಸಂಗ್ರಹಿಸುವ ಬೆಂಗಳೂರಿನ ಒಬ್ಬರು ಸುದ್ದಿ ತಿಳಿದು, ಕೆಟ್ಟ ಸ್ಥಿತಿಯಲ್ಲಿಯೇ ಕೊಳ್ಳುವುದಾಗಿ ಹೇಳಿ ಕಳುಹಿಸಿದರು. ಅವರು ಹೇಳಿದ ಬೆಲೆ ಕೇಳಿ ನಾವೆಲ್ಲರೂ ಬೆರಗಾದೆವು. ಆ ಹಣದಿಂದ ಮುಂಭಾಗದ ಚಪ್ಪರದ ಕೆಲಸ ಮುಗಿಸಬಹುದೆಂದು ಕೆಲವರು ಸೂಚಿಸಿದರು. ನಾವೂ ಮೊದಲು ಅತ್ತಲೇ ವಾಲಿದ್ದೆವೆಂಬುದನ್ನು ಮುಚ್ಚಿಡಲಾರೆವು. ಮತ್ತೆ ಕೆಲವರು ಕಣ್ಣೀರು ತಂದುಕೊಂಡು, “ಅದರೊಳಗೆ ಅವರ ಧ್ವನಿ ಇದೆ ಫಾದರ್, ಮಾರಬೇಡಿ” ಎಂದರು.

ಇಲ್ಲಿ ಯಂತ್ರ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಬಂಡೆಯ ಎದುರು ಕೂಗಿದರೆ ಸದ್ದು ಹೋಗಿ ಮರಳಿ ಬರುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಂಡೆ 34 ಮೀಟರ್ ದೂರದಲ್ಲಿದ್ದರೆ ಸೆಕೆಂಡಿನ ಐದನೆಯ ಒಂದು ಭಾಗ ಕಳೆದು ಕೂಗು ಮರಳುತ್ತದೆ. ಯಂತ್ರದಲ್ಲಿ ಬಂಡೆಯ ಬದಲು ಟೇಪು ಇದೆ. ಸುರುಳಿಗಳಿಲ್ಲದೆ, ತುದಿಗೆ ತುದಿ ಅಂಟಿಸಿದ ಒಂದೇ ಬಳೆಯಾಗಿ ಆ ಟೇಪು ಮಡಿಕೆ ಮಡಿಕೆಯಾಗಿ ಓಡುತ್ತಿರುತ್ತದೆ. ಒಂದು ಹೆಡ್ ಧ್ವನಿಯನ್ನು ಬರೆಯುತ್ತದೆ. ಮುಂದಿರುವ ಮೂರು ಹೆಡ್‌ಗಳು ಅದನ್ನು ಓದಿ ಹೊರಡಿಸುತ್ತವೆ. ಟೇಪು ಸೆಕೆಂಡಿಗೆ 20 ಸೆಂಟಿಮೀಟರ್ ಓಡುತ್ತಿದ್ದು, ಬರೆಯುವ ಹೆಡ್ಡಿನಿಂದ ಓದುವ ಹೆಡ್ 4 ಸೆಂಟಿಮೀಟರ್ ದೂರವಿದೆಯೆಂದು ಭಾವಿಸಿ. ಬಂಡೆಯ ಪ್ರತಿಧ್ವನಿಯಷ್ಟೇ ವಿಳಂಬ ಅಲ್ಲಿ ದೊರೆಯುತ್ತದೆ. ಆದರೆ ಬರೆಯುವ ಹೆಡ್ಡಿಗಿಂತ ಹಿಂದೆ ಅಳಿಸುವ ಹೆಡ್ ಒಂದಿದೆ. ಸುತ್ತು ಮುಗಿಸಿ ಬಂದ ಟೇಪನ್ನು ಅದು ಪ್ರತಿಸಲವೂ ಬರಿದು ಮಾಡುತ್ತದೆ. ಯಂತ್ರ ನಿಂತಾಗ ಟೇಪಿನಲ್ಲಿ ಉಳಿದ ಅಷ್ಟಿಷ್ಟು ಸದ್ದೂ ಮತ್ತೆ ಓಡಿಸಿದೊಡನೆ ಅಳಿದುಹೋಗುತ್ತದೆ.

ಆದ್ದರಿಂದ ಇದು ಟೇಪ್ ರೆಕಾರ್ಡರ್ ಅಲ್ಲ. ಅಗಲಿದವರ ಧ್ವನಿಯ ಪೆಟ್ಟಿಗೆಯೂ ಅಲ್ಲ. ಈಗ ಹಾಡುವವನು ಒಬ್ಬನಿದ್ದರೆ ಮಾತ್ರ ಇದಕ್ಕೆ ಧ್ವನಿ. ಕಣ್ಣೀರಿನ ವಾದವೂ ಸಾಲದು, ಬೆಲೆಯ ವಾದವೂ ಸಾಲದು ಎಂದು ಆಗ ನಮಗೆ ಮನವರಿಕೆಯಾಯಿತು. ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಲು ತೀರ್ಮಾನಿಸಿದೆವು.

ಮೊದಲನೆಯದು: ಕೆಟ್ಟಿರುವುದು ಏನು? ದೋಷವರಿಯದೆ ಮಾರುವುದು ಕುರುಡು ವ್ಯಾಪಾರ. ರೇಡಿಯೊ ದುರಸ್ತಿಯಲ್ಲಿ ನುರಿತ ಹಿರಿಯರೊಬ್ಬರು ಪೆಟ್ಟಿಗೆ ಬಿಚ್ಚಿ ನೋಡಿದರು. ನಮ್ಮ ಕಡಲ ಉಪ್ಪುಗಾಳಿಯೂ ಆಷಾಢದ ತೇವವೂ ತಮ್ಮ ಕೆಲಸ ಮಾಡಿದ್ದವು. ಟೇಪು ತುಂಡಾಗಿತ್ತು, ಅದನ್ನು ಒತ್ತಿ ಓಡಿಸುವ ರಬ್ಬರಿನ ಉರುಳೆ ಗಟ್ಟಿಯಾಗಿತ್ತು, ವಿದ್ಯುತ್ ಭಾಗದ ಕೆಪಾಸಿಟರ್‌ಗಳು ಒಣಗಿದ್ದವು. ಕುವೈತಿನ ವಿದ್ಯುತ್ತು 240 ವೋಲ್ಟಿನದಾದುದರಿಂದ ನಮ್ಮ 230 ವೋಲ್ಟಿನಿಂದ ಅಪಾಯವಿರಲಿಲ್ಲ. ಜಪಾನಿನ 100 ವೋಲ್ಟಿಗೆ ಮಾಡಿದ ಯಂತ್ರವನ್ನು ಹಾಗೆಯೇ ಸಿಕ್ಕಿಸಿದ್ದರೆ ಸುಟ್ಟೇಹೋಗುತ್ತಿತ್ತು. ಹೆಡ್‌ಗಳು ಸವೆದಿದ್ದರೆ ಬದಲಿ ಹುಡುಕುವುದು ಬಲು ಕಷ್ಟವಾಗಿ, ಮಾರುವುದೇ ಲೇಸಾಗುತ್ತಿತ್ತು. ಅವು ಕೊಳೆಯಾಗಿದ್ದವೇ ಹೊರತು ಸವೆದಿರಲಿಲ್ಲ. ಬಂದ ಬೆಲೆಯ ಮುಂದೆ ದುರಸ್ತಿಯ ಖರ್ಚು ಅಲ್ಪವೆಂದು ತಿಳಿಯಿತು.

ಎರಡನೆಯದು: ಕೊಟ್ಟವರು ಯಾವುದಕ್ಕೆಂದು ಕೊಟ್ಟರು? ನಿರ್ದಿಷ್ಟ ಉದ್ದೇಶಕ್ಕೆ ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1267ನೆಯ ನಿಯಮ ಹೇಳುತ್ತದೆ. ಮಾರಿದರೂ ಆ ಹಣ ಚಪ್ಪರಕ್ಕೆ ಸಲ್ಲದು, ಸಂಗೀತಕ್ಕೇ ಸಲ್ಲಬೇಕು. ಸೆಮಿನರಿಯಲ್ಲಿ ಓದಿದ ಪಾಠವನ್ನು ಬೆಲೆಯ ಬೆರಗಿನಲ್ಲಿ ನಾವು ಮರೆತಿದ್ದೆವು.

ಮೂರನೆಯದು: ಇದನ್ನು ಬಳಸುವವರು ಯಾರು? ಯುವಕರು ನಮಗೊಂದು ನ್ಯಾಯವಾದ ಮಾತು ಹೇಳಿದರು. ಇದೇ ನಾದವನ್ನು ಅನುಕರಿಸುವ ಅಂಗೈಯಗಲದ ಡಿಜಿಟಲ್ ಉಪಕರಣಗಳು ಬಂದಿವೆ. ರೋಲ್ಯಾಂಡಿನದೇ ಬಾಸ್ ವಿಭಾಗವು 2022ರಲ್ಲಿ ಆರ್‌ಇ-202 ಎಂಬುದನ್ನು ಹೊರತಂದಿದೆ. ಅದಕ್ಕೆ ಟೇಪೂ ಬೇಡ, ಉರುಳೆಯೂ ಬೇಡ. ನಿಜ. ಬಲಿಪೂಜೆಗಂತೂ ಇದು ಬೇಡವೇ ಬೇಡ. ಕಾಂಕ್ರೀಟಿನ ಈ ಕಟ್ಟಡ ನಮ್ಮ ಪ್ರಸಂಗಕ್ಕೆ ಬೇಕಾದುದಕ್ಕಿಂತ ಹೆಚ್ಚು ಪ್ರತಿಧ್ವನಿಯನ್ನು ಪುಕ್ಕಟೆಯಾಗಿ ಕೊಡುತ್ತಿದೆ! ಹಾಗಿದ್ದರೆ ಉಳಿಸುವುದೇಕೆ?

ಉತ್ತರ ಕೊಟ್ಟವರು ದಾನಿಗಳ ಪತ್ನಿ. ಅವರ ಮನೆಗೆ ಹೋಗಿ ವಿಷಯ ತಿಳಿಸಿದಾಗ ಆ ವೃದ್ಧ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಪದ ಹೇಳುವ ಮಕ್ಕಳಿಗೆ ಬೇಕಾದರೆ ಇಟ್ಟುಕೊಳ್ಳಿ ಫಾದರ್. ಕಪಾಟಿಗೆ ಬೇಕಾದರೆ ಮಾರಿಬಿಡಿ.”

ಈ ಮಾತನ್ನು ಮಂಡಳಿಗೆ ತಿಳಿಸಿದಾಗ, ನಾಲ್ವರು ಯುವಕ ಯುವತಿಯರು ಎದ್ದುನಿಂತು ಹೊಣೆ ಹೊತ್ತರು. ಹೆಡ್ ಶುಚಿಮಾಡುವುದನ್ನೂ ಟೇಪು ಬದಲಿಸುವುದನ್ನೂ ಆ ಹಿರಿಯ ಕುಶಲಿಗರ ಬಳಿ ಕುಳಿತು ಕಲಿತರು. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಯಂತ್ರ ಓಡಿಸುತ್ತಿದ್ದಾರೆ.

ಆದುದರಿಂದ ನಮ್ಮ ನಿರ್ಣಯ ಹೀಗಿದೆ: ದುರಸ್ತಿಯಾಯಿತು, ಮಾರುವುದಿಲ್ಲ. ಆದರೆ ಎರಡು ತೆರಾಲಿಗಳು ಇದರ ಧ್ವನಿಯಿಲ್ಲದೆ ಕಳೆದರೆ, ಮತ್ತೆ ಚರ್ಚೆಯಿಲ್ಲದೆ ಮಾರಿ, ಬಂದ ಹಣವನ್ನು ಪೂರ್ತಿಯಾಗಿ ಮಕ್ಕಳ ವಾದ್ಯಗಳಿಗೂ ಸಂಗೀತ ಶಿಕ್ಷಣಕ್ಕೂ ವಿನಿಯೋಗಿಸತಕ್ಕದ್ದು. ನಿರ್ಣಯ ಪುಸ್ತಕದಲ್ಲಿ ಹೀಗೆಯೇ ದಾಖಲಾಗಿದೆ. ನಮ್ಮ ನಂತರ ಬರುವ ಧರ್ಮಗುರುಗಳೂ ಓದಲಿ.

ಇಂದು ಸಂಜೆಯ ಹಾಡುಗಳಲ್ಲಿ ಆ ಯಂತ್ರದ ನಾದವನ್ನು ನೀವು ಕೇಳಲಿದ್ದೀರಿ. ಆ ತಾಯಿಯೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಹಾಡುವ ಮಕ್ಕಳನ್ನೂ ಕೇಳುವ ನಿಮ್ಮೆಲ್ಲರನ್ನೂ ದೇವರು ಹರಸಲಿ.