ಮೊದಲೇ ಗುರುತು ಹಾಕಿಟ್ಟ ಚೌಕ



ಇವತ್ತಿನ ನನ್ನ ಮಾತು ಡೆಬಿಯನ್ ಬಗ್ಗೆ. ಒಡೆಯನಿಲ್ಲದ, ಷೇರುದಾರರಿಲ್ಲದ, ಜಗತ್ತಿನಾದ್ಯಂತ ಹರಡಿರುವ ಸ್ವಯಂಸೇವಕರೇ ಕಟ್ಟಿ ನಡೆಸುತ್ತಿರುವ ಲಿನಕ್ಸ್ ವಿತರಣೆ ಅದು. ಚರಿತ್ರೆಯನ್ನು ಬೇಗ ಮುಗಿಸಿಬಿಡುತ್ತೇನೆ. 1993ರ ಆಗಸ್ಟ್‌ನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಇದನ್ನು ಶುರು ಮಾಡಿದರು. 1997ರಲ್ಲಿ ಒಂದು ಸಾಮಾಜಿಕ ಒಪ್ಪಂದ ಬಂತು, ಮರುವರ್ಷ ಒಂದು ಸಂವಿಧಾನವೂ ಬಂತು. ವರ್ಷಕ್ಕೊಮ್ಮೆ ಚುನಾವಣೆ ನಡೆಸಿ ಮುಖ್ಯಸ್ಥರನ್ನು ಆರಿಸುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಇವರ ವಾರ್ಷಿಕ ಸಮ್ಮೇಳನ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು. 2025ರ ಆಗಸ್ಟ್ 9ರಂದು 13ನೇ ಆವೃತ್ತಿ, ಟ್ರಿಕ್ಸಿ ಎಂಬ ಹೆಸರಿನದು, ಹೊರಬಂತು. ಇಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಒಂದು ಚಿಕ್ಕ ಚೌಕದ ಸಂಗತಿ.

ಡೆಬಿಯನ್ ಹಾಕಿಕೊಳ್ಳುವಾಗ ಕೊನೆಕೊನೆಗೆ ಒಂದು ಪಟ್ಟಿ ಎದುರಾಗುತ್ತದೆ. ನಿಮಗೆ ಯಾವ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಕಿಟಕಿ ಮೆನುಗಳ ಯಾವ ವ್ಯವಸ್ಥೆ, ಬೇಕು ಎಂದು ಅದು ಕೇಳುತ್ತದೆ. ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ, ಇನ್ನೂ ಎರಡು ಮೂರು ಹೆಸರುಗಳಿವೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಚೌಕ. ಗ್ನೋಮ್ ಪಕ್ಕದ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ತಿಳಿದವರು ಅದನ್ನು ತೆಗೆದು ತಮಗೆ ಬೇಕಾದದ್ದಕ್ಕೆ ಗುರುತು ಹಾಕಿಕೊಳ್ಳುತ್ತಾರೆ. ತಿಳಿಯದವರು, ಅಂದರೆ ನಮ್ಮ ನಿಮ್ಮ ಮನೆಯ ಬಹುತೇಕರು, ಮುಂದುವರಿಸು ಎಂಬುದನ್ನು ಒತ್ತಿ ಚಹಾ ಕುಡಿಯಲು ಏಳುತ್ತಾರೆ. ಆದ್ದರಿಂದ ಆ ಗುರುತು ಇರುವುದೇ ತಿಳಿಯದವರಿಗಾಗಿ. ಡೆಬಿಯನ್‌ನಲ್ಲಿ ನಡೆದ ದೊಡ್ಡ ಜಗಳಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅತಿ ಮುಖ್ಯವಾದ ಜಗಳ ಈ ಚೌಕದ್ದು.

ನಡೆದದ್ದು ಹೀಗೆ. 2011ರ ಏಪ್ರಿಲ್‌ನಲ್ಲಿ ಗ್ನೋಮ್‌ನ ಮೂರನೇ ಆವೃತ್ತಿ ಬಂತು. ಕೆಳಗಿನ ಪಟ್ಟಿ ಇಲ್ಲ, ಹಳೆಯ ಮೆನು ಇಲ್ಲ, ಕಿಟಕಿಯನ್ನು ಕಿರಿದಾಗಿಸುವ ಗುಂಡಿಯೂ ಇಲ್ಲ. ಜನ ಸಿಡಿದೆದ್ದರು. ಅರ್ಜೆಂಟೀನಾದ ಒಬ್ಬ ಬಳಕೆದಾರರು ಹಳೆಯ ಗ್ನೋಮ್ ಅನ್ನೇ ಎತ್ತಿಕೊಂಡು ಮಾಟೆ ಎಂದು ಬೆಳೆಸಿದರು. ಲಿನಕ್ಸ್ ಮಿಂಟ್ ಎಂಬ ಇನ್ನೊಂದು ವಿತರಣೆಯವರು ಸಿನಮನ್ ಕಟ್ಟಿದರು. ಡೆಬಿಯನ್ ಒಳಗೂ ಕಸಿವಿಸಿ ಶುರುವಾಯಿತು. ಡೆಬಿಯನ್ ಹಾಕಿಕೊಡುವ ಅನುಸ್ಥಾಪಕವನ್ನು ಕಟ್ಟಿದವರಲ್ಲಿ ಪ್ರಮುಖರಾದ ಜೋಯಿ ಹೆಸ್ 2012ರಲ್ಲಿ ಗುರುತನ್ನು ಎಕ್ಸ್‌ಎಫ್‌ಸಿಇ ಕಡೆಗೆ ಸರಿಸಿದರು. ಗ್ನೋಮ್ ಒಂದು ಸಿಡಿಯಲ್ಲಿ ಹಿಡಿಸುತ್ತಿಲ್ಲ ಎಂಬುದು ಆಗಿನ ಕಾರಣ. ಆ ಬದಲಾವಣೆ ಉಳಿಯಲಿಲ್ಲ. 2013ರ ನವೆಂಬರ್‌ನಲ್ಲಿ ಮತ್ತೆ ಎಕ್ಸ್‌ಎಫ್‌ಸಿಇ ಬಂತು, ಮುಂದಿನ ಆಗಸ್ಟ್ ಹೊತ್ತಿಗೆ ಮರುಪರಿಶೀಲಿಸೋಣ ಎಂಬ ಮಾತಿನೊಂದಿಗೆ. 2014ರ ಸೆಪ್ಟೆಂಬರ್‌ನಲ್ಲಿ ಅದೇ ಹೆಸ್ ಗುರುತನ್ನು ಗ್ನೋಮ್‌ಗೆ ಮರಳಿಸಿದರು.

ಮರಳಿಸುವಾಗ ಅವರು ಬರೆದಿಟ್ಟ ಟಿಪ್ಪಣಿಯೇ ನನ್ನ ಇಡೀ ಉಪನ್ಯಾಸಕ್ಕೆ ಆಧಾರ. ಬೇಕಾದ ಮಾಹಿತಿ ಎಲ್ಲವೂ ಇನ್ನೂ ಕೈಗೆ ಬಂದಿಲ್ಲ, ಆದರೂ ಗ್ನೋಮ್ ಮುಂದಿದೆ ಎಂದು ನೂರಕ್ಕೆ ಸುಮಾರು 80 ಪಾಲು ಖಾತ್ರಿಯಾಗಿದೆ ಎಂದು ಅವರು ಹೇಳಿದರು. ಕಾರಣಗಳಲ್ಲಿ ಮೊದಲು ಹೇಳಿದ್ದು ಅಂಗವಿಕಲರಿಗೂ ಬಳಸಲು ಬರಬೇಕು ಎಂಬುದನ್ನು. ಯಂತ್ರ ಚಾಲೂ ಆದಾಗ ಉಳಿದ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ ಜೊತೆಗಿನ ಹೊಂದಾಣಿಕೆ ಅದರ ನಂತರದ್ದು. ಅಂದವೋ ಜನಪ್ರಿಯತೆಯೋ ತಕ್ಕಡಿಯನ್ನು ವಾಲಿಸಲಿಲ್ಲ. ಪರದೆಯೇ ಕಾಣದವನಿಗೆ ಯಾವ ಡೆಸ್ಕ್‌ಟಾಪ್ ಕೈಗೆ ಸಿಗುತ್ತದೆ ಎಂಬ ಪ್ರಶ್ನೆ ವಾಲಿಸಿತು. ಕಂಪ್ಯೂಟರ್ ಲೋಕದ ಎಷ್ಟೋ ವಾದಗಳನ್ನು ಓದಿದ್ದೇನೆ. ಅಭಿರುಚಿಯ ಜಗಳವೊಂದು ಹೀಗೆ ನ್ಯಾಯದ ಪ್ರಶ್ನೆಯಾಗಿ ತಿರುಗಿ, ಅಲ್ಲಿಯೇ ತೀರ್ಮಾನವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಸ್ಟಮ್‌ಡಿ ಬೇಕೇ ಬೇಡವೇ ಎಂಬ ದೊಡ್ಡ ಜಗಳದ ಬಗ್ಗೆ ಗ್ರಂಥಗಳನ್ನೇ ಬರೆಯುವವರು ಈ ಟಿಪ್ಪಣಿಯನ್ನು ದಾಟಿ ಹೋಗುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ಕಾಣದವರು ಕಂಪ್ಯೂಟರನ್ನು ಬಳಸುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ನೋಮ್‌ನಲ್ಲಿ ಆಲ್ಟ್, ಸೂಪರ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಓರ್ಕಾ ಎಂಬ ಪರದೆ ಓದುಗ ಎಚ್ಚರವಾಗುತ್ತದೆ. ಪ್ರತಿಯೊಂದು ಗುಂಡಿಯೂ ಮೆನುವೂ ತಾನು ಏನು, ತನ್ನ ಹೆಸರೇನು, ತನ್ನನ್ನು ಒತ್ತಲಾಗಿದೆಯೇ ಇಲ್ಲವೇ ಎಂಬುದನ್ನು ತೆರೆಮರೆಯಲ್ಲಿ ಹೇಳುತ್ತಿರಬೇಕು. ಓರ್ಕಾ ಅದನ್ನು ಕೇಳಿಸಿಕೊಂಡು ದನಿಯಾಗಿಸುತ್ತದೆ. ಒಂದು ಗುಂಡಿ ತನ್ನ ಹೆಸರು ಹೇಳದಿದ್ದರೂ ಸಾಕು, ಬಳಕೆದಾರ ಅಲ್ಲೇ ನಿಂತುಬಿಡುತ್ತಾನೆ. ಈ ಕೆಲಸಕ್ಕೆ ಮೊದಲು ಹೆಚ್ಚು ಹಣ, ಆಳು ಕೊಟ್ಟದ್ದು ಸನ್ ಮೈಕ್ರೋಸಿಸ್ಟಮ್ಸ್. 2010ರಲ್ಲಿ ಒರಾಕಲ್ ಅದನ್ನು ಕೊಂಡ ಮೇಲೆ ಆ ತಂಡ ಕರಗಿತು. ಅಲ್ಲಿಂದೀಚೆಗೆ ಬೆರಳೆಣಿಕೆಯ ಜನ ಇದನ್ನು ಹೊತ್ತು ನಡೆದಿದ್ದಾರೆ.

ಇಲ್ಲಿ ನಮ್ಮ ಮಾಸ್ತರರ ನೆನಪಾಗುತ್ತದೆ. ಕಾಲೇಜಿನಲ್ಲಿ ನಮಗೆ ಹಳಗನ್ನಡ ಕಲಿಸಿದವರು. ನಿವೃತ್ತಿಯ ಹೊತ್ತಿಗೆ ಗ್ಲಾಕೋಮಾದಿಂದ ಅವರ ದೃಷ್ಟಿ ಹೋಗಿತ್ತು. ಶಿಷ್ಯರು ಸರದಿಯ ಮೇಲೆ ಹೋಗಿ ಓದಿ ಹೇಳುತ್ತಿದ್ದೆವು. ಮಹಾಪ್ರಾಣ ತಪ್ಪಿದರೆ ಬೆರಳಿನಿಂದ ಕುರ್ಚಿಯ ಕೈ ತಟ್ಟುತ್ತಿದ್ದರು, ಅಷ್ಟೇ. ನಾವು ಹಿಂದಕ್ಕೆ ಹೋಗಿ ಮತ್ತೆ ಓದಬೇಕು. ಅವರ ಮನೆಯ ಕಂಪ್ಯೂಟರಿಗೆ ಡೆಬಿಯನ್ ಹಾಕಿ, ಓರ್ಕಾ ತೆರೆದು, ಇಸ್ಪೀಕ್ ಎಂಬ ದನಿಯಲ್ಲಿ ಕನ್ನಡ ಓದಿಸಿದೆ. ಅದು ಕನ್ನಡ ಓದುತ್ತದೆ, ಬಿರುಸಾದ ಯಂತ್ರದ ದನಿಯಲ್ಲಿ. ಮಾಸ್ತರರು ಒಂದು ಪುಟ ಪೂರ್ತಿ ಕೇಳಿ, “ಓದ್ತದ ತಮ್ಮಾ, ಆದ್ರ ಉಸಿರು ಎಲ್ಲಿ ತಗೋಬೇಕು ಅಂತ ಗೊತ್ತಿಲ್ಲ ಇದಕ್ಕ” ಎಂದರು. ಹಾಗೆಂದವರೇ ಮರುದಿನದಿಂದ ಅದನ್ನು ಬಿಡಲಿಲ್ಲ. ಯಾರ ಸರದಿಗೂ ಕಾಯದೆ ಓದಬಹುದಿತ್ತಲ್ಲ.

ಒಂದು ಸಂಜೆ ತಾವೇ ಹಿಂದೆ ಬರೆಸಿದ್ದ ಲೇಖನವೊಂದರ ಕಡತ ತೆರೆಸಿದರು. ಹಳೆಯ ಆಸ್ಕಿ ಫಾಂಟಿನಲ್ಲಿ ಡಿಟಿಪಿ ಅಂಗಡಿಯಲ್ಲಿ ಟೈಪಾದದ್ದು. ಪರದೆಯ ಮೇಲೆ ನನಗೆ ಕಾಣುತ್ತಿದ್ದದ್ದು ಅಚ್ಚುಕಟ್ಟಾದ ಕನ್ನಡ. ಓರ್ಕಾ ಓದಿದ್ದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸರಮಾಲೆ. ಆ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು, ಒಳಗೆ ಕನ್ನಡ ಇರುವುದೇ ಇಲ್ಲ ಎಂದು ವಿವರಿಸಿದೆ. ಮಾಸ್ತರರು ಸುಮ್ಮನೆ ಕೇಳಿಸಿಕೊಂಡು, “ಅಂದ್ರ ಇದು ಕಣ್ಣಿದ್ದವರಿಗಷ್ಟ ಕನ್ನಡ” ಎಂದರು. ಆ ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸಿ ಕೊಟ್ಟೆ. ಕನ್ನಡದ ಎಷ್ಟು ಪುಸ್ತಕಗಳ ಕಡತಗಳು ಈಗಲೂ ಆ ಸ್ಥಿತಿಯಲ್ಲಿ ಪ್ರಕಾಶಕರ ಕಪಾಟಿನಲ್ಲಿವೆ ಎಂಬುದು ಈ ಸಭೆಯಲ್ಲಿರುವ ಪ್ರಕಾಶಕ ಮಿತ್ರರಿಗೆ ಗೊತ್ತಿದೆ.

ಡೆಬಿಯನ್‌ನಲ್ಲಿ ಕನ್ನಡಕ್ಕೆ ಬೇಕಾದ ಸಾಮಗ್ರಿ ಇಲ್ಲವೆಂದಲ್ಲ. ಲೋಹಿತ್, ಗುಬ್ಬಿ ಫಾಂಟುಗಳಿವೆ. ಕೈಬರಹದ ಹಾಗಿರುವ ನವಿಲು ಇದೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆಯನ್ನು ಹೊರಗಿನಿಂದ ಏನನ್ನೂ ತರಿಸದೆ ಆರಿಸಿಕೊಳ್ಳಬಹುದು. ಇವೆಲ್ಲ ಬಿಡುವಿನ ವೇಳೆಯಲ್ಲಿ ಕೂತು ಮಾಡಿದವರ ಕೊಡುಗೆ.

ಈಗ ನನಗೆ ಅತ್ಯಂತ ಪ್ರಿಯವಾದ ಸಂಗತಿಗೆ ಬರುತ್ತೇನೆ. ಡೆಬಿಯನ್ ಹಾಕುವ ಪೆನ್‌ಡ್ರೈವ್ ಚುಚ್ಚಿ ಯಂತ್ರ ಚಾಲೂ ಮಾಡಿದರೆ, ಮೊದಲ ಮೆನು ಬಂದಾಗ ಒಂದು ಬೀಪ್ ಕೇಳುತ್ತದೆ. ಹಳೆಯ ಬಯಾಸ್ ಯಂತ್ರವಾದರೆ ಒಂದು ಸಲ, ಹೊಸ ಯುಇಎಫ್‌ಐ ಆದರೆ ಎರಡು ಸಲ. ಮೆನು ಸಿದ್ಧವಾಗಿದೆ ಎಂದು ಕಾಣದವರಿಗೆ ತಿಳಿಯಲಿ ಎಂದೇ ಆ ಸದ್ದು. ಆಗ ಎಸ್ ಒತ್ತಿ ಎಂಟರ್ ಒತ್ತಿದರೆ ಅನುಸ್ಥಾಪಕ ಮಾತಾಡತೊಡಗುತ್ತದೆ. ಇದಕ್ಕಿಂತ ದೊಡ್ಡದು ಮುಂದಿದೆ. ಬಯಾಸ್ ಯಂತ್ರಗಳ ಆ ಮೆನುವಿನ ಕೆಳಗೆ ಒಂದು ಸಾಲು ಇರುತ್ತದೆ: ಯಾವುದಾದರೂ ಕೀಲಿ ಒತ್ತಿ, ಇಲ್ಲದಿದ್ದರೆ 30 ಸೆಕೆಂಡಿನಲ್ಲಿ ದನಿ ಶುರುವಾಗುತ್ತದೆ ಎಂದು. ಅಂದರೆ ಎದುರಿಗೆ ಕೂತವರು ಏನೂ ಮಾಡದಿದ್ದರೆ, ಅವರಿಗೆ ಕಾಣುತ್ತಿಲ್ಲ ಎಂದೇ ಯಂತ್ರ ಊಹಿಸುತ್ತದೆ. ಕಣ್ಣಿದ್ದವರು ಒಂದು ಕೀಲಿ ಒತ್ತುವ ಶ್ರಮ ತೆಗೆದುಕೊಳ್ಳಬೇಕು, ಕಾಣದವರು ಸುಮ್ಮನೆ ಕಾದರೆ ಸಾಕು. ನಾನು ಬಳಸಿದ ಯಾವ ಯಂತ್ರದಲ್ಲೂ, ಯಾವ ಕಚೇರಿಯಲ್ಲೂ ಹೊರೆಯನ್ನು ಹೀಗೆ ಈ ಕಡೆಯಿಂದ ಆ ಕಡೆಗೆ ದಾಟಿಸಿದ್ದನ್ನು ನೋಡಿಲ್ಲ. ಗದುಗಿನ ಪುಣ್ಯಾಶ್ರಮವನ್ನು, ದೃಷ್ಟಿಯಿಲ್ಲದೆಯೇ ಸಂಗೀತ ಸಾಧಿಸಿದ ಪಂಚಾಕ್ಷರ ಗವಾಯಿಗಳನ್ನು, ಪುಟ್ಟರಾಜ ಗವಾಯಿಗಳನ್ನು ಬಲ್ಲ ನಿಮಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಅನುಸ್ಥಾಪಕದಲ್ಲಿ ಕನ್ನಡ ಲಿಪಿ ಸರಿಯಾಗಿ ಮೂಡುವುದು ಚಿತ್ರರೂಪದ ಪರದೆಯಲ್ಲಿ. ಮಾತಾಡುವುದು ಅಕ್ಷರರೂಪದ ಪರದೆ, ಅದರ ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಒಂದು ದಾರಿ, ಕಾಣದವರಿಗೆ ಇನ್ನೊಂದು ದಾರಿ. ಕಾಣದ ಕನ್ನಡಿಗ ಎರಡರ ನಡುವೆ ನಿಂತಿದ್ದಾನೆ.

ಇತ್ತೀಚಿನ ಬೆಳವಣಿಗೆಯನ್ನೂ ಹೇಳಬೇಕು. ಪರದೆಯ ಮೇಲೆ ಚಿತ್ರ ಬಿಡಿಸುವ ಹಳೆಯ ಎಕ್ಸ್ ವ್ಯವಸ್ಥೆಯ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ. ಡೆಬಿಯನ್‌ನ ಗ್ನೋಮ್ 2019ರಲ್ಲೇ ಆ ಕಡೆಗೆ ಹೊರಳಿತು. ಎಕ್ಸ್‌ನಲ್ಲಿ ಯಾವ ತಂತ್ರಾಂಶ ಬೇಕಾದರೂ ನೀವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಕದ್ದು ಕೇಳಬಹುದಿತ್ತು. ಭದ್ರತೆಯ ಕಣ್ಣಿನಲ್ಲಿ ಅದು ದೊಡ್ಡ ಬಿರುಕು, ವೇಲ್ಯಾಂಡ್ ಅದನ್ನು ಮುಚ್ಚಿತು. ಆದರೆ ಓರ್ಕಾ ಬದುಕಿದ್ದದ್ದು ಆ ಬಿರುಕಿನಲ್ಲೇ. ಅದರ ಆಜ್ಞೆಗಳೆಲ್ಲ ಕೀಲಿಮಣೆಯಿಂದ ಬರುತ್ತವೆ, ಕೀಲಿಗಳೇ ಕೇಳದಿದ್ದರೆ ಅದು ಮಾಡುವುದೇನು? ಟ್ರಿಕ್ಸಿಯಲ್ಲಿರುವ ಗ್ನೋಮ್ 48ರಲ್ಲಿ ಇದಕ್ಕೆಂದೇ ಬೇರೆ ಬಾಗಿಲು ತೆರೆದು, ಕ್ಯಾಪ್ಸ್‌ಲಾಕ್ ಸೇರಿದಂತೆ ಓರ್ಕಾದ ಕೀಲಿಗಳು ವೇಲ್ಯಾಂಡ್‌ನಲ್ಲಿ ನೆಟ್ಟಗೆ ನಡೆಯುವಂತೆ ಮಾಡಿದರು. ಗ್ನೋಮ್ 49ರಲ್ಲಿ ಎಕ್ಸ್ ಬಾಗಿಲಿಗೆ ಡೀಫಾಲ್ಟಾಗಿ ಬೀಗ ಬಿತ್ತು. ನಡುವಿನ ಇಷ್ಟೂ ವರ್ಷ ಕಾಣದವರು ಅರೆಬರೆ ವ್ಯವಸ್ಥೆಯೊಂದಿಗೆ ಏಗಿದರು.

ಈ ಎಲ್ಲ ಕಾರಣಗಳಿಂದ ಗ್ನೋಮ್ ಪರ ನಿಂತವನು ನಾನು. ಎದುರು ವಾದಕ್ಕೂ ತೂಕವಿದೆ, ಅದನ್ನು ಮುಚ್ಚಿಡಲಾರೆ. ಗ್ನೋಮ್ ಭಾರವಾದದ್ದು. ನಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಲ್ಯಾಬಿಗೆ ಹೋದಾಗ ಅಲ್ಲಿದ್ದದ್ದು 2 ಜಿಬಿ ಮೆಮೊರಿಯ ಹಳೆಯ ಯಂತ್ರಗಳು. ಗ್ನೋಮ್ ತೆರೆದು ಬ್ರೌಸರ್ ಒತ್ತಿದರೆ ಡಿಸ್ಕಿನ ದೀಪ ಮಿಣುಕುತ್ತಲೇ ಇರುತ್ತದೆ, ಮಕ್ಕಳು ಕೈಕಟ್ಟಿ ಕೂರುತ್ತಾರೆ. ಎಕ್ಸ್‌ಎಫ್‌ಸಿಇ ಹಾಕಿದರೆ ಅದೇ ಯಂತ್ರ ಸಲೀಸಾಗಿ ಓಡುತ್ತದೆ. ಅಲ್ಲೊಂದೆರಡು 32 ಬಿಟ್ ಯಂತ್ರಗಳೂ ಇದ್ದವು. ಅವುಗಳಿಗೆ ಟ್ರಿಕ್ಸಿಯಲ್ಲಿ ಅನುಸ್ಥಾಪಕವೇ ಇಲ್ಲ. ಬಡತನವೂ ಜನರನ್ನು ಕಂಪ್ಯೂಟರಿನಿಂದ ಹೊರಗಿಡುತ್ತದೆ, ಕುರುಡು ಇಟ್ಟಂತೆಯೇ. 2013ರಲ್ಲಿ ಎಕ್ಸ್‌ಎಫ್‌ಸಿಇ ಬೇಕೆಂದವರೆಲ್ಲ ಹಟಮಾರಿಗಳಾಗಿರಲಿಲ್ಲ. ಇಂಥ ಯಂತ್ರಗಳ ಮುಂದೆ ಕೂತವರೂ ಅವರಲ್ಲಿದ್ದರು.

ಪ್ರಶ್ನೋತ್ತರಕ್ಕೆ ಸಂಘದವರು ಸಮಯ ಇಟ್ಟಿದ್ದಾರೆ. ನನ್ನವೇ ಕೆಲವು ಪ್ರಶ್ನೆಗಳನ್ನು ಮೊದಲು ನಿಮ್ಮ ಮುಂದಿಡುತ್ತೇನೆ.

2014ರ ತೀರ್ಮಾನ ಮತದಿಂದ ಆದದ್ದಲ್ಲ. ಕೆಲಸ ಮಾಡುವ ಕೈಗೇ ಆ ಕೆಲಸದ ತೀರ್ಮಾನವೂ ಸೇರಿದ್ದು ಎಂಬುದು ಡೆಬಿಯನ್ ಸಂವಿಧಾನದ ತಿರುಳು. ಹೆಸ್ ಎರಡು ತಿಂಗಳ ನಂತರ ಡೆಬಿಯನ್ ಬಿಟ್ಟೇ ಹೋದರು, ಅಲ್ಲಿ ತೀರ್ಮಾನಗಳಾಗುವ ರೀತಿಗೆ ಬೇಸತ್ತು. ಮತಕ್ಕೆ ಹಾಕಿದ್ದರೆ, ಕಣ್ಣಿದ್ದವರೇ ತುಂಬಿರುವ ಮತದಾರರ ಪಟ್ಟಿಯಲ್ಲಿ ಕಾಣದವರ ಅಗತ್ಯ ಗೆಲ್ಲುತ್ತಿತ್ತೇ? ಗೆಲ್ಲುತ್ತಿರಲಿಲ್ಲ ಎಂದಾದರೆ, 80 ಪಾಲು ಖಾತ್ರಿಯ ಒಬ್ಬರ ಕೈಗೆ ಅದನ್ನು ಬಿಟ್ಟದ್ದು ಸರಿಯೇ? ನಾಳೆ ಇನ್ನೊಂದು ಕೈ ಆ ಗುರುತನ್ನು ಅಷ್ಟೇ ಸುಲಭವಾಗಿ ಅಳಿಸಿದರೆ ನಾನು ಯಾವ ಬಾಯಿಂದ ಬೇಡವೆನ್ನಲಿ?

ಯಾರನ್ನೂ ಯಾವ ಕೆಲಸಕ್ಕೂ ಬಲವಂತ ಮಾಡುವಂತಿಲ್ಲ ಎಂದೂ ಆ ಸಂವಿಧಾನ ಹೇಳುತ್ತದೆ. ಹಾಗಿದ್ದ ಮೇಲೆ ಕನ್ನಡದಲ್ಲೇ ಮೊದಲ ಪ್ರಶ್ನೆ ಕೇಳುವ ಅನುಸ್ಥಾಪಕವನ್ನು ನಾನು ಯಾರಿಂದ ಕೇಳಲಿ? ಸಂಬಳವಿಲ್ಲದೆ ದುಡಿಯುವವರ ಮುಂದೆ ಇದನ್ನು ಹಕ್ಕು ಎನ್ನಬಹುದೇ, ಕೋರಿಕೆ ಎನ್ನಬೇಕೇ?

ಇನ್ನು ಆ ಲ್ಯಾಬು. ಅಲ್ಲಿಗೆ ಮುಂದಿನ ವರ್ಷ ದೃಷ್ಟಿಯಿಲ್ಲದ ಒಂದು ಮಗು ಸೇರುತ್ತದೆ ಎಂದಿಟ್ಟುಕೊಳ್ಳಿ. ಉಳಿದ ಮಕ್ಕಳಿಗೆ ಎಕ್ಸ್‌ಎಫ್‌ಸಿಇ ಬೇಕು, ಆ ಮಗುವಿಗೆ ಗ್ನೋಮ್ ಬೇಕು, ಗ್ನೋಮ್ ಎಳೆಯಬಲ್ಲ ಯಂತ್ರ ಅಲ್ಲಿ ಒಂದೂ ಇಲ್ಲ. ಲ್ಯಾಬಿನ ಶಿಕ್ಷಕಿ ಯಾವ ಚೌಕಕ್ಕೆ ಗುರುತು ಹಾಕಲಿ ಎಂದು ನನ್ನನ್ನು ಕೇಳಿದರೆ, ಇಷ್ಟು ಹೊತ್ತು ನಿಮ್ಮೆದುರು ಗ್ನೋಮ್ ಪರ ವಾದಿಸಿದ ನಾನು ಏನು ಹೇಳಬೇಕು?