ಮೊಟ್ಟೆಗೆ ತಾಯಿಯ ಹೆಸರಿಲ್ಲ



ನಂಜನಗೂಡಿನ ಕಪಿಲೆಯ ದಡದಲ್ಲೋ, ತಿರುಮಕೂಡಲು ನರಸೀಪುರದ ಸಂಗಮದ ಬಳಿಯೋ ಮೊಟ್ಟೆಯಂತಹ ನುಣುಪಾದ ಗುಂಡುಕಲ್ಲು ಸಿಗುವುದು ಹೊಸತಲ್ಲ. ಇದು ಡೈನೋಸಾರ್ ಮೊಟ್ಟೆಯೇ ಎಂದು ಮಕ್ಕಳು ಕೇಳಿದರೆ, ಅಲ್ಲ ಎಂದು ಧೈರ್ಯವಾಗಿ ಹೇಳಬಹುದು. ಈ ಭಾಗದ ನೆಲದಡಿಯ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ವಯನಾಡು, ಕೊಡಗಿನ ಕಡೆಯಿಂದ ನದಿಗಳು ಹೊತ್ತು ತರುವ ಕಲ್ಲುಗಳೂ ಬಹಳ ಹಳೆಯವೇ. ನೀರಿನಲ್ಲಿ ಉರುಳಿ ಉರುಳಿ ಗುಂಡಗಾದವು.

ಭಾರತದಲ್ಲಿ ಈ ಮೊಟ್ಟೆಗಳು ಸಿಕ್ಕಿರುವುದು ಗುಜರಾತಿನ ಬಾಲಾಸಿನೋರ್, ಮಧ್ಯಪ್ರದೇಶದ ಜಬಲ್ಪುರ, ಧಾರ್ ಮುಂತಾದ ಕಡೆ, ಸುಮಾರು 7 ಕೋಟಿ ವರ್ಷ ಹಳೆಯ ಲಮೇಟಾ ಪದರಗಳಲ್ಲಿ. ಧಾರ್ ಜಿಲ್ಲೆಯ ಪಾಡಲ್ಯ ಗ್ರಾಮದವರು ಹೊಲ ಕಾಯುವ ದೇವರೆಂದು ಪೂಜಿಸುತ್ತಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ವರದಿಯಾಯಿತು.

ಹಾಗಾದರೆ ಕಲ್ಲು ಯಾವುದು, ಮೊಟ್ಟೆ ಯಾವುದು? ಆಕಾರವೊಂದನ್ನೇ ನಂಬುವಂತಿಲ್ಲ, ಚಿಪ್ಪು ಸಾಕ್ಷಿ ಹೇಳಬೇಕು. ವಿಜ್ಞಾನಿಗಳು ಚಿಪ್ಪಿನ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸುಣ್ಣದ ಹರಳುಗಳ ಜೋಡಣೆ, ಗಾಳಿಯಾಡುವ ರಂಧ್ರಗಳು, ಮೇಲ್ಮೈಯ ಗಂಟುಗಳು, ಚಿಪ್ಪಿನ ದಪ್ಪ ಇವೇ ವರ್ಗೀಕರಣದ ಆಧಾರ.

ಇಟ್ಟ ಪ್ರಾಣಿಯ ಹೆಸರನ್ನೇ ಮೊಟ್ಟೆಗೂ ಇಟ್ಟರಾಗದೇ ಎಂದು ಕೇಳಬಹುದು. ಅದರಿಂದಾದ ಅನ್ಯಾಯಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಅಮೆರಿಕದ ತಂಡವೊಂದಕ್ಕೆ ಉದ್ದನೆಯ ಮೊಟ್ಟೆಗಳ ಗೂಡೂ ಅದರ ಮೇಲೊಂದು ಅಸ್ಥಿಪಂಜರವೂ ದೊರೆತವು. ಮೊಟ್ಟೆಗಳು ಆ ಪ್ರದೇಶದಲ್ಲಿ ಹೇರಳವಾಗಿದ್ದ ಪ್ರೋಟೋಸೆರಾಟಾಪ್ಸ್‌ನವು ಎಂದು ಭಾವಿಸಲಾಯಿತು. ಮೇಲಿದ್ದ ಪ್ರಾಣಿಗೆ 1924ರಲ್ಲಿ ‘ಓವಿರಾಪ್ಟರ್’, ಅಂದರೆ ಮೊಟ್ಟೆಗಳ್ಳ, ಎಂದು ಹೆಸರು ಬಿತ್ತು. 1993ರಲ್ಲಿ ಗೋಬಿಯಲ್ಲೇ ಅಂತಹುದೇ ಮೊಟ್ಟೆಯೊಳಗೆ ಭ್ರೂಣವೊಂದು ಸಿಕ್ಕಿತು. ಅದು ಓವಿರಾಪ್ಟರ್ ವಂಶದ್ದೇ! ಸುಮಾರು 70 ವರ್ಷ ಕಳ್ಳನೆನಿಸಿಕೊಂಡದ್ದು ತನ್ನದೇ ಗೂಡನ್ನು ಕಾಯುತ್ತಿದ್ದ ಪ್ರಾಣಿಯಾಗಿತ್ತು. ಆದರೆ ನಾಮಕರಣದ ನಿಯಮದಂತೆ ಹಳೆಯ ಹೆಸರೇ ಉಳಿಯಿತು.

ಇಂತಹ ಗೊಂದಲಕ್ಕೆ ಎಡೆಯಾಗದಂತೆ ಮೊಟ್ಟೆಗಳಿಗೆ ಪ್ರತ್ಯೇಕ ವರ್ಗೀಕರಣವಿದೆ. 1970ರ ದಶಕದಲ್ಲಿ ಅದಕ್ಕೆ ವ್ಯವಸ್ಥಿತ ರೂಪ ಕೊಟ್ಟವರು ಚೀನಾದ ಝಾವೊ ಝಿಕುಯಿ. ಅಂಡ ಕುಟುಂಬ, ಅಂಡ ಜಾತಿ, ಅಂಡ ಪ್ರಭೇದ ಎಂಬ ಮೆಟ್ಟಿಲುಗಳು. ಜಾತಿಯ ಹೆಸರಿನ ಕೊನೆಗೆ ಗ್ರೀಕ್ ಮೂಲದ ‘ಊಲಿಥಸ್’, ಎಂದರೆ ಮೊಟ್ಟೆಗಲ್ಲು. ಭಾರತದಲ್ಲಿ ಹೆಚ್ಚಾಗಿ ಕಾಣುವ ದುಂಡನೆಯ ಮೊಟ್ಟೆ ‘ಮೆಗಲೂಲಿಥಸ್’. ಧಾರ್ ಜಿಲ್ಲೆಯ 92 ಗೂಡುಗಳ 256 ಮೊಟ್ಟೆಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನ ಆರು ಅಂಡ ಪ್ರಭೇದಗಳನ್ನು ಗುರುತಿಸಿತು. ಇವನ್ನು ಇಟ್ಟವು ಟೈಟನೋಸಾರ್ ಎಂಬ ಸಸ್ಯಾಹಾರಿ ದೈತ್ಯರ ಗುಂಪಿನವು ಎಂದು ಅಭಿಪ್ರಾಯಪಡಲಾಗಿದೆ. ಆದರೆ ಯಾವ ಮೊಟ್ಟೆ ಯಾವ ಟೈಟನೋಸಾರ್‌ನದು ಎಂಬುದನ್ನು ಈ ಹೆಸರುಗಳು ಹೇಳುವುದಿಲ್ಲ. ಅದನ್ನು ಹೇಳಲು ಗೋಬಿಯಲ್ಲಿ ದೊರೆತಂತಹ ಭ್ರೂಣವೇ ಬೇಕು. ಅದು ಸಿಗುವವರೆಗೆ ಚಿಪ್ಪು ಹೇಳಿದಷ್ಟನ್ನೇ ಬರೆದಿಡುವುದು ಈ ವರ್ಗೀಕರಣದ ಕ್ರಮ.